ಬಣ್ಣ ಒಣಗುವವರೆಗೆ

"ಗುಂಡಿ ಮೇಲೆ ಟೇಪು ಹಾಕಿದ್ಯಾ?" ಎಂದು ಅತ್ತಿಗೆ ಮತ್ತೆ ಕೇಳಿದಳು.

"ಹಾಕಿದ್ದೀನಿ ಅತ್ತಿಗೆ," ಎಂದಳು ತಮ್ಮನ ಹೆಂಡತಿ.

"ಅದರ ಬಾಯಿ ಮೇಲೆ?"

"ಅದಕ್ಕೆಲ್ಲಿದೆ ಬಾಯಿ? ಬಾಯಿರೋದು ಹಿಡ್ಕೊಳ್ಳೋರಿಗೆ. ಅವರು ತೆರೆಯಲ್ಲ, ಅಷ್ಟೆ."

ಹಿತ್ತಿಲ ಕಲ್ಲಿನ ಮೇಲೆ ಹಳೆಯ ಪತ್ರಿಕೆ ಹಾಸಿ ಅವಳು ಯಂತ್ರವನ್ನು ನೆಟ್ಟಗೆ ನಿಲ್ಲಿಸಿದ್ದಳು. ಮುಷ್ಟಿಯಲ್ಲಿ ಹಿಡಿಯುವಷ್ಟು ದಪ್ಪದ ಬೂದು ಪ್ಲಾಸ್ಟಿಕ್ ಕೊಳವೆ. ಪಕ್ಕದಲ್ಲೊಂದು ಗುಂಡಿ, ತುದಿಯಲ್ಲಿ ನಾಣ್ಯದಗಲದ ಬಿಲ್ಲೆ. ಗುಂಡಿ ಒತ್ತಿದರೆ ಬಿಲ್ಲೆ ಕಂಪಿಸುತ್ತದೆ. ಅದನ್ನು ಗದ್ದದ ಕೆಳಗೆ ಒತ್ತಿ ಹಿಡಿದು ತುಟಿಯಾಡಿಸಿದರೆ, ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಂಡವರಿಗೂ ಮಾತು ಹೊರಡುತ್ತದೆ.

ಅವಳ ಗಂಡನಿಗೆ ಅದನ್ನು ಆಸ್ಪತ್ರೆಯವರು ಬಳಸಲೆಂದು ಕೊಟ್ಟಿದ್ದರು. ಅವನು ಲಾರಿ, ಬಸ್ಸುಗಳಿಗೆ ಬಣ್ಣ ಹೊಡೆಯುವವನು, ಊರಿಗೆಲ್ಲ ಪೇಂಟರ್. ಆಸ್ಪತ್ರೆಯಿಂದ ಬಂದ ವಾರ ಯಂತ್ರ ಹಿಡಿದೇ ಓಡಾಡಿದ್ದ. ಒಂದು ಬೆಳಿಗ್ಗೆ ಹಳೆಯ ಗಿರಾಕಿಯೊಬ್ಬ ಗೇಟಿನ ಬಳಿ ಬಂದಾಗ, ಇವನು ಅದನ್ನು ಗಂಟಲಿಗೆ ಒತ್ತಿ "ಬನ್ನಿ" ಎಂದ. ಗಿರಾಕಿ ಜೇಬಿನಿಂದ ತನ್ನ ಫೋನು ತೆಗೆದು, ಯಾರು ಕರೆಯುತ್ತಿದ್ದಾರೆಂದು ನೋಡಿದ. ಪಾಪ, ಬೇಕೆಂದು ಮಾಡಿದ್ದಲ್ಲ. ಆದರೆ ಯಂತ್ರ ಅಂದೇ ಬೀರು ಸೇರಿತು. ಹೆಂಡತಿ ತೆಗೆದುಕೊಟ್ಟಾಗಲೆಲ್ಲ ಪೇಂಟರ್ ಕೆನ್ನೆಯ ಮೇಲೆ ಗಡ್ಡ ಕೆರೆಯುವ ಅಭಿನಯ ಮಾಡಿ ತೋರಿಸುತ್ತಿದ್ದ: ಇದು ಸೆಲೂನಿನ ಮೆಷಿನ್ನು, ನನಗೆ ಬೇಡ.

ಆಮೇಲಿಂದ ಮನೆಯಲ್ಲಿ ಚಪ್ಪಾಳೆಯದೇ ರಾಜ್ಯ. ನೀರಿಗೆ ಚಪ್ಪಾಳೆ, ಕಾಫಿಗೆ ಚಪ್ಪಾಳೆ. ಪಕ್ಕದ ಮನೆಯ ನಾಯಿ ತನ್ನನ್ನೇ ಕರೆದರೆಂದು ಬಂದು ನಿಲ್ಲುತ್ತಿತ್ತು. ನಿನ್ನೆ ಆಸ್ಪತ್ರೆಯಿಂದ ಫೋನು ಬಂತು: ಬಳಸುತ್ತಿಲ್ಲವಾದರೆ ಬೇರೆ ರೋಗಿಗಳು ಕಾಯುತ್ತಿದ್ದಾರೆ, ನಾಡಿದ್ದು ಬಂದು ಒಯ್ಯುತ್ತೇವೆ.

"ಬಣ್ಣ ಬಳಿದದ್ದನ್ನ ಯಾರು ಒಯ್ತಾರೆ?" ಎಂದು ಅವಳು ಬೆಳಿಗ್ಗೆಯೇ ಗಂಡನ ಶೆಡ್ಡಿನಿಂದ ಕೈಗೆ ಸಿಕ್ಕ ಸ್ಪ್ರೇ ಡಬ್ಬಿಯೊಂದನ್ನು ಎತ್ತಿಕೊಂಡು ಬಂದಿದ್ದಳು. ಬೆಳ್ಳಿ ಬಣ್ಣ.

"ನಿನಗೇನು ಬೈಗುಳದ ಬರ ಬಂದಿದ್ಯಾ? ಅವನು ಸುಮ್ಮನಿದ್ದರೆ ಸುಖ ಅಲ್ವೇನೇ?" ಎಂದಳು ಅತ್ತಿಗೆ. ಪೇಂಟರನ ಅಕ್ಕ, ತಮ್ಮನ ಮನೆಯಲ್ಲೇ ಇರುವವಳು. "ಬೇಕಿದ್ದರೆ ನಾನು ಬೈತೀನಿ, ಪುಕ್ಕಟೆ."

"ನೀವು ಬೈದರೆ ಬೈದ ಹಾಗಿರತ್ತೆ ಅತ್ತಿಗೆ. ಅವರು ಬೈದರೆ ಮನೇಲಿ ಯಾರೋ ಇದ್ದ ಹಾಗಿರತ್ತೆ."

ಅತ್ತಿಗೆ ಬಗ್ಗಿ, ಗಾಳಿಗೆ ಏಳುತ್ತಿದ್ದ ಪತ್ರಿಕೆಯ ಅಂಚಿನ ಮೇಲೊಂದು ಹರಳಿಟ್ಟಳು.

ಪೇಂಟರ್ ಒಳಗೆ, ಮುಚ್ಚಿದ ಕಿಟಕಿಯ ಗಾಜಿನ ಹಿಂದೆ ನಿಂತಿದ್ದ. ಈಗ ಉಸಿರಾಟ ಕತ್ತಿನ ಬುಡದ ರಂಧ್ರದಿಂದ. ಅದರ ಮೇಲೊಂದು ಬಿಳಿ ಬಟ್ಟೆ. ಬಣ್ಣದ ಹೊಗೆ ಸೋಕಬಾರದೆಂದು ಡಾಕ್ಟರು ಹೇಳಿದ್ದರಿಂದ ಅವಳೇ ಅವನನ್ನು ಒಳಗೆ ತಳ್ಳಿ ಬಾಗಿಲೆಳೆದುಕೊಂಡಿದ್ದಳು. ಹೆಂಡತಿ ಡಬ್ಬಿ ಅಲುಗಿಸಿದ್ದನ್ನು ನೋಡಿ ಅವನ ಮೂಗು ಗಾಜಿಗೆ ತಗುಲಿತು.

ಅವಳು ಡಬ್ಬಿಯನ್ನು ಯಂತ್ರಕ್ಕೆ ಮುತ್ತಿಡುವಷ್ಟು ಹತ್ತಿರ ಹಿಡಿದು ಒತ್ತಿದಳು. ಬಣ್ಣ ಒಂದೇ ಕಡೆ ಮಡುಗಟ್ಟಿ ಗೆರೆಗೆರೆಯಾಗಿ ಇಳಿಯತೊಡಗಿತು.

ಗಾಜಿನ ಮೇಲೆ ಟಕಟಕ ಸದ್ದಾಯಿತು.

"ಕರೀತಿದ್ದಾನೆ," ಎಂದಳು ಅತ್ತಿಗೆ.

"ಕರೀಲಿ."

ಚಪ್ಪಾಳೆ ಕೇಳಿಸಿತು. ಪಕ್ಕದ ನಾಯಿ ಬೇಲಿಯ ಬಳಿ ಬಂತು. ಅವಳು ತಿರುಗಲಿಲ್ಲ. ಬಣ್ಣದವನ ಜೊತೆ ಅಷ್ಟು ವರ್ಷ ಸಂಸಾರ ಮಾಡಿದವಳಿಗೆ ಡಬ್ಬಿಯನ್ನು ಹೇಗೆ ಹಿಡಿಯಬೇಕೆಂಬುದು ಗೊತ್ತಿಲ್ಲದೆ ಇರಲಿಲ್ಲ. ಅವಳು ಅದನ್ನು ಇನ್ನೂ ಹತ್ತಿರ ತಂದಳು.

ಬಾಗಿಲು ದಡಾರೆಂದಿತು. ಪೇಂಟರ್ ಒಂದು ಕೈಯಲ್ಲಿ ಕತ್ತಿನ ಬಟ್ಟೆ ಒತ್ತಿಕೊಂಡು ಹೊರಗೆ ನುಗ್ಗಿದ. ಡಬ್ಬಿಯತ್ತ ಕೈ ಚಾಚಿದ. ಅವಳು ಅದನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. ಅವನ ತುಟಿಗಳು ಪಟಪಟ ಅಲುಗಿದವು.

"ಏನಂದ್ರಿ? ಕೇಳಿಸಲ್ಲ," ಎಂದಳು.

ಅವನು ಸುತ್ತ ನೋಡಿದ. ಕಲ್ಲಿನ ಮೇಲಿನ ಯಂತ್ರವನ್ನು ಹಸಿಬಣ್ಣದ ಸಮೇತ ಬಾಚಿಕೊಂಡು, ಟೇಪು ಕಿತ್ತೆಸೆದು ಗಂಟಲಿಗೆ ಒತ್ತಿದ.

"ದೂರ. ದೂರ ಹಿಡಿಯೇ. ಒಂದು ಗೇಣು ದೂರ."

ಡಬ್ಬಿಯೊಳಗೆ ಸಿಕ್ಕಿಬಿದ್ದ ಜೀರುಂಡೆಯಂಥ ದನಿ. ಅದಕ್ಕೆ ಏರಿಳಿತವೇ ಇಲ್ಲ, ಸಿಟ್ಟೆಲ್ಲ ಹುಬ್ಬಿನಲ್ಲಿತ್ತು.

ಅವಳು ಉಸಿರು ಬಿಗಿಹಿಡಿದು, "ಯಾಕೆ, ಚೆನ್ನಾಗೇ ಬಂದಿದ್ಯಲ್ಲ," ಎಂದಳು.

"ಚೆನ್ನಾಗಾ? ನಲ್ಲಿ ಥರ ಇದೆ. ಉಜ್ಜಿದ್ಯಾ? ಕೆಳಗೆ ಅಸ್ತರು ಹೊಡೆದ್ಯಾ? ಕೈ ಒಂದೇ ಕಡೆ ನಿಲ್ಲಿಸ್ತಾರಾ? ಎಮ್ಮೆ ಮೈ ತೊಳೀತಿದ್ಯಾ?"

ಅತ್ತಿಗೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳ ಬಾಯಿ ಮುಚ್ಚಿದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಬೆರಳ ಸಂದಿಯಿಂದಲೇ ಅವಳಿಗೆ ತಮ್ಮನ ಕತ್ತು ಕಾಣಿಸಿತು: ಗದ್ದದ ಕೆಳಗೆ, ಯಂತ್ರದ ಅಂಚು ಕೂತಿದ್ದಲ್ಲಿ, ಮಿರಮಿರನೆ ಮಿಂಚುವ ದುಂಡನೆಯ ಮುದ್ರೆ.

"ನೋಡೇ, ಬೈದಿದ್ದಕ್ಕೆ ಬೆಳ್ಳಿ ಪದಕ ಬಂತು ಇವನಿಗೆ!"

"ನೀನು ಸುಮ್ಮನಿರಕ್ಕ."

"ಏನು? ಸ್ಟೇಷನ್ ಸರಿಯಾಗಿ ಸಿಗ್ತಿಲ್ಲಪ್ಪ."

"ಸಿಗದಿದ್ದರೆ ಆಫ್ ಮಾಡು."

ಅಷ್ಟು ಹೇಳಿ ಅವನಿಗೇ ನಗು ಬಂತು. ಅವನ ನಗುವಿಗೆ ಸದ್ದಿಲ್ಲ. ಭುಜ ಮಾತ್ರ ಕುಣಿಯುತ್ತದೆ. ಆದರೆ ಗುಂಡಿಯ ಮೇಲಿನ ಹೆಬ್ಬೆಟ್ಟು ತೆಗೆಯಲು ಮರೆತಿದ್ದರಿಂದ ಯಂತ್ರ ಅವನ ಕೈಯಲ್ಲಿ ಗುಂಯ್ ಗುಂಯ್ ಎಂದು ತಾನೂ ನಕ್ಕಿತು. ಅವಳು ಕಲ್ಲಿನ ಮೇಲೆ ಕುಸಿದು ಕೂತು, ನಗುತ್ತಲೋ ಅಳುತ್ತಲೋ, ಬಣ್ಣದ ಕೈಯಿಂದ ಕಣ್ಣೊರೆಸಿಕೊಂಡಳು. ಕೆನ್ನೆಯೂ ಬೆಳ್ಳಿಯಾಯಿತು.

"ನಾಳೆ ಬರೋರಿಗೆ ಏನು ಹೇಳಲಿ?" ಎಂದು ಕೊನೆಗೆ ಕೇಳಿದಳು.

"ನೀನೇನೂ ಹೇಳಬೇಡ." ಅವನು ಯಂತ್ರವನ್ನು ಸ್ವಲ್ಪ ಸರಿಸಿ ಒತ್ತಿಕೊಂಡ. "ಕೊಡಲ್ಲ ಅಂತ ನಾನೇ ಹೇಳ್ತೀನಿ."

"ಈ ಸೋರಿದ ಬಣ್ಣದಲ್ಲಾ?"

ಅವನು ಯಂತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನ ಮುಖ ಹುಳಿ ತಿಂದಂತಾಯಿತು. "ಕೆಂಪು. ಶೆಡ್ಡಲ್ಲಿ ಮೇಲಿನ ಹಲಗೆ. ಲಾರಿ ಕೆಂಪು," ಎಂದ. ಆಮೇಲೆ ಒರೆಸುವುದಕ್ಕೆಂದು ಅವಳು ಕೈ ಚಾಚಿದಾಗ ಕೊಡಲು ತುಸು ಹಿಂದೆಮುಂದೆ ನೋಡಿದ.

ಹಸಿಬಣ್ಣವನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಉಜ್ಜುಕಾಗದ ತಿಕ್ಕಿ, ಗುಂಡಿಗೆ ಮತ್ತೆ ಟೇಪು ಹಚ್ಚಿ, ಅಸ್ತರು ಹೊಡೆದು ಒಣಗಿಸುವಷ್ಟರಲ್ಲಿ ಬಿಸಿಲು ಗೋಡೆ ಹತ್ತಿತ್ತು. ಅತ್ತಿಗೆ ಒದ್ದೆ ಬಟ್ಟೆಯನ್ನು ಮಡಿಸಿ ಮಡಿಸಿ ತಮ್ಮನ ಕತ್ತಿಗೆ ಕಟ್ಟಿದಳು. ಗಾಳಿ ಬರುವ ಕಡೆಗೆ ಬೆನ್ನು ಮಾಡಿ, ಅವನು ಹೆಂಡತಿಯ ಹಿಂದೆ ನಿಂತು ಅವಳ ಮೊಣಕೈ ಹಿಡಿದ. ಡಬ್ಬಿ ಅವಳದು, ಬೀಸು ಅವನದು. ಅತ್ತ ಹೋಗಿ ಇತ್ತ ಬರುವಾಗ ಒಂದು ಹದವಾದ ಸುಂಯ್. ಕೈ ನಿಲ್ಲಲಿಲ್ಲ, ಬಣ್ಣ ಸೋರಲಿಲ್ಲ. ಅವಳು ತಪ್ಪಿದಾಗ ಅವನು ಮೊಣಕೈ ಚಿವುಟಿದ.

"ಅಯ್ಯೋ! ಬಾಯಿ ಇಲ್ದಾಗ್ಲೇ ಇಷ್ಟು!" ಎಂದು ಅವಳು ಚೀರಿದಳು.

ಯಂತ್ರವನ್ನು ತಂತಿಯ ಕೊಕ್ಕೆಗೆ ಸಿಕ್ಕಿಸಿ ಬಟ್ಟೆ ಒಣಹಾಕುವ ಹಗ್ಗಕ್ಕೆ ನೇತುಹಾಕಿದರು. ಒಳಗೆ ಬನ್ನಿ ಎಂದರೆ ಪೇಂಟರ್ ಕೇಳಲಿಲ್ಲ. ಕೆಳಗೆ ಸ್ಟೂಲು ಹಾಕಿಕೊಂಡು ಕೂತು, ಬಣ್ಣದತ್ತ ಬಂದ ನೊಣವನ್ನು ಪತ್ರಿಕೆಯಿಂದ ಓಡಿಸುತ್ತಿದ್ದ. ಆಗಾಗ ಬೆರಳು ಮೇಲಕ್ಕೆ ಹೋಗಿ, ಮುಟ್ಟದೆ ಕೆಳಗಿಳಿಯುತ್ತಿತ್ತು. ತುಟಿಗಳು ಆಗಲೇ ಆಡತೊಡಗಿದ್ದವು. ಒಂದಾದ ಮೇಲೊಂದು, ತಡೆಯಿಲ್ಲದೆ, ಏನೇನೋ.

ಅವಳು ಒಳಗಿನಿಂದ ಇನ್ನೊಂದು ಸ್ಟೂಲು ತಂದು ಅವನ ಪಕ್ಕ ಹಾಕಿಕೊಂಡಳು. ಹಗ್ಗದ ಮೇಲೆ ಕೆಂಪು ಯಂತ್ರ ಗಾಳಿಗೆ ನಿಧಾನವಾಗಿ ಒಂದು ಸುತ್ತು ತಿರುಗಿತು, ಮತ್ತೆ ಹಿಂದಕ್ಕೆ ತಿರುಗಿತು.