ಗಾಯದ ಬಾಜು

ಹಳದಿ, ಮುಂದಿನ ಸೀಟಿನ ಹೆಂಗಸಿನ ರವಿಕೆಯ ತೋಳು ಹಳದಿ, ಆದರೆ ಅದಲ್ಲ, ಇದು ತಿಳಿ, ಫೋಟೋದಲ್ಲಿದ್ದದ್ದು ಇನ್ನೂ ಗಾಢ, ಅಂಚಿನಲ್ಲಿ ಒಂದಿಷ್ಟು ಕೆಂಪಿಗೆ ತಿರುಗಿದ ಹಾಗೆ — ಪ್ರಮಿಳಾ ನೋಟ ಕಿತ್ತು ಕಿಟಕಿಯಾಚೆ ಹಾಕಿದಳು, ಖಾನಾಪುರದ ಬಸ್ಸು ಉದ್ಯಮಬಾಗ ದಾಟುತ್ತಿದೆ, ಫೌಂಡ್ರಿಯ ಗೇಟಿನಲ್ಲಿ ಬೈಕುಗಳ ಸಾಲು, ಅದರಲ್ಲೊಂದು ಯಲ್ಲೇಶನದಿರಬೇಕು, ಗಂಡ ಈಗ ಒಳಗೆ ಅಚ್ಚಿಗೆ ಮರಳು ತುಂಬುತ್ತಿರುತ್ತಾನೆ, ಬೆಳಿಗ್ಗೆ ಚಹಾ ಸುರಿಯುತ್ತ ಅವನಂದದ್ದು ಇನ್ನೂ ಕಿವಿಯಲ್ಲಿದೆ, ಕೊಯ್ದಾವ್ರು ಡಾಕ್ಟರ್, ಹೊಲಿಗಿ ಹಾಕಿದಾವ್ರು ಡಾಕ್ಟರ್, ನೀ ಯಾಕ ಊಟ ಬಿಟ್ಟಿ, ಖರೇ, ಕೊಯ್ದವರು ಅವರೇ, ಆದರೆ ಹೇಳಿದವಳು ಯಾರು. ದವಾಖಾನೆಯ ಸಂಶೋಧನಾ ವಿಭಾಗದಲ್ಲಿ ಅವಳ ಕೆಲಸವೇ ಹೇಳುವುದು, ಆಪರೇಷನ್ನಿಗೆ ಬಂದವರ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಡಾಕ್ಟರ ಇಂಗ್ಲಿಷನ್ನು ಕನ್ನಡಕ್ಕೋ ಮರಾಠಿಗೋ ಇಳಿಸುವುದು, ನೋಡ್ರಿ, ಹರ್ನಿಯಾ ಆಪರೇಷನ್ ಎಲ್ಲಾರಿಗೂ ಒಂದೇ ನಮೂನಿ, ಮುಂಚೆ ಒಂದು ಇಂಜೆಕ್ಷನ್ನೂ ಎಲ್ಲಾರಿಗೂ, ಆಮ್ಯಾಲೆ ಅರ್ಧ ಮಂದಿಗೆ ಐದು ದಿನ ಗುಳಿಗಿ, ಅರ್ಧ ಮಂದಿಗೆ ಗುಳಿಗಿ ಇಲ್ಲ, ಯಾರಿಗೆ ಯಾವುದಂತ ನಾವು ಆರಿಸಂಗಿಲ್ಲ, ಕಂಪ್ಯೂಟರ್ ಚೀಟಿ ಎತ್ತತೈತಿ, ಆ ಗುಳಿಗಿ ಖರೇನ ಬೇಕೋ ಬ್ಯಾಡೋ ಅಂತ ನೋಡೂದದ, ಗಾಯಕ್ಕ ನಂಜು ಎರಡೂ ಕಡೆ ಆಗಬಹುದು, ನೀವು ಒಲ್ಲೆ ಅಂದ್ರ ಒಲ್ಲೆ, ಇಲಾಜೇನೂ ಕಮ್ಮಿ ಆಗಂಗಿಲ್ಲ. ಇಷ್ಟು ಹೇಳಿ ಸುಮ್ಮನಾಗಬೇಕು. ಆ ಸುಮ್ಮನಾಗುವುದೇ ಅವಳಿಗೆ ಬರುವುದಿಲ್ಲ. ಭರಮಪ್ಪ ಕಾಕಾ ಕಂಬಳಿಯನ್ನು ಹೆಗಲಿಂದ ಇಳಿಸದೆಯೇ ಹಾಸಿಗೆಯ ತುದಿಯಲ್ಲಿ ಕೂತಿದ್ದ, ಖಾನಾಪುರದಾಚೆಯ ಕುರಿಗಾರ, ದವಾಖಾನೆಯ ಬಿಳಿ ಗೋಡೆಗಳ ನಡುವೆ ಎಲ್ಲಿ ನೋಡಬೇಕೆಂದು ತಿಳಿಯದೆ ತನ್ನ ಕಾಲಬೆರಳು ನೋಡುತ್ತಿದ್ದ, ಎಲ್ಲ ಕೇಳಿಸಿಕೊಂಡು, ಏನರ ಆದ್ರ ತಂಗಿ, ಅಂದ. ನಂಜು ಆಗಬಹುದು ಕಾಕಾ, ಆದ್ರ ಕೂಡಲೇ ನೋಡ್ತೀವಿ — ಹೀಗನ್ನಬೇಕಿತ್ತು, ಕಾಗದದಲ್ಲಿ ಹೀಗೇ ಇತ್ತು, ಅವಳ ಬಾಯಿಂದ ಬಂದದ್ದು ಬೇರೆ. ಏನೂ ಆಗಂಗಿಲ್ಲ ಕಾಕಾ. ಅವನು ಹೂಂ ಅಂದು ಹೆಬ್ಬೆಟ್ಟು ಚಾಚಿದ, ಅವಳೇ ಅದನ್ನು ಹಿಡಿದು ನೀಲಿ ಶಾಯಿಗೆ ಒತ್ತಿದಳು, ಒರಟು, ಬಿಸಿ, ಸೀಳುಬಿಟ್ಟ ಹೆಬ್ಬೆಟ್ಟು, ಮತ್ತು ಚೀಟಿಯಲ್ಲಿ ಬಂತು, ಗುಳಿಗೆ ಇಲ್ಲ.

ಒಂದು ವಾರಕ್ಕೆ ಗಾಯದ ಫೋಟೋ ಕಳಿಸಬೇಕು, ಎಲ್ಲರೂ, ಅದು ಕ್ರಮ, ನಿನ್ನೆ ಮಧ್ಯಾಹ್ನ ಬಂತು, ಕಾಕಾನ ಮಗ ಕಲ್ಮೇಶನ ಮೊಬೈಲಿನಿಂದ, ಕತ್ತಲೆ ಮೂಲೆಯಲ್ಲಿ ಕೈ ಅಲುಗಿಸಿ ತೆಗೆದದ್ದು, ನಡುವೆ ಒಂದು ಕಪ್ಪು ಗೆರೆ ಇದ್ದಿರಬಹುದು, ಅದರ ಸುತ್ತ ಹಳದಿ, ಹರಡಿದ ಹಳದಿ. ಧರಣೇಂದ್ರ ಸರ್ ಓಪಿಡಿ ಮುಗಿಸಿ ಕನ್ನಡಕ ಹಣೆಗೇರಿಸಿ ನೋಡಿದರು, ಆಪರೇಷನ್ ಮಾಡಿದವರು ಅವರೇ, ಈ ಅಧ್ಯಯನವೂ ಅವರದೇ, ಇದರಾಗ ಏನೂ ಹೇಳಾಕ ಬರಂಗಿಲ್ಲ ಪ್ರಮಿಳಾ, ಪಸ್ ಇರಬಹುದು, ಇಲ್ಲದನೂ ಇರಬಹುದು, ಫೋನ್ ಹಚ್ಚರಿ. ಹಚ್ಚಿದಳು, ಸ್ವಿಚ್ ಆಫ್, ಮತ್ತೆ ಹಚ್ಚಿದಳು, ಅನಗೋಳದ ಮನೆಗೆ ಹೋಗಿ ಅಕ್ಕಿ ತೊಳೆಯುತ್ತ ಹಚ್ಚಿದಳು, ಫೋನಿನೊಳಗಿನ ಹುಡುಗಿಯ ಧ್ವನಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅದನ್ನೇ ಹೇಳಿತು. ಹೋಗಿ ನೋಡ್ಕೊಂಡು ಬರ್ರಿ, ಜ್ವರ ಇದ್ದರ ಗಾಡಿ ಕಳಸ್ತೀನಿ, ಅಂದಿದ್ದರು ಸರ್. ಪಾಪ, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಆದರೆ ಬೈಯಲು ಅವಳಂದ ಮಾತು ಅವರಿಗೆ ಗೊತ್ತೇ ಇಲ್ಲವಲ್ಲ, ಅದನ್ನು ಕೇಳಿದ್ದು ಕಾಕಾ ಒಬ್ಬ, ಅವನು ಎದ್ದು ಕೂರಲಾಗದ ಸ್ಥಿತಿಯಲ್ಲಿದ್ದರೆ, ಮೈ ಸುಡುತ್ತಿದ್ದರೆ, ಆ ದವಾಖಾನಿ ಮೇಡಮ್ಮಾರು ಏನೂ ಆಗಂಗಿಲ್ಲ ಅಂದಿದ್ದರು ಅಂತ ಹೆಂಡತಿಗೆ ಹೇಳುತ್ತಿದ್ದರೆ — ಬಸ್ಸು ಗಣೇಬೈಲು ದಾಟಿತು, ಗಾಳಿಗೆ ಮಣ್ಣಿನ ವಾಸನೆ, ಹಂಚಿನ ಭಟ್ಟಿಯ ಹೊಗೆ. ಹಗಲೆಲ್ಲ ವಾರ್ಡಿನಲ್ಲಿ ಬೆಡ್‌ಪ್ಯಾನ್ ತೊಳೆದು ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವಳು ಅವಳು, ಕೈಯ ಫಿನಾಯಿಲ್ ವಾಸನೆ ಪಕ್ಕದವರಿಗೆ ಬರಬಾರದೆಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು, ಪಾಸಾದಳು, ಈ ಕೆಲಸವೂ ಸಿಕ್ಕಿತು, ಆದರೂ ಹಗಲು ಓದಿದವರಿಗೆಲ್ಲ ಗೊತ್ತಿರುವ ಏನೋ ಒಂದು ತನಗೆ ಮಾತ್ರ ತಪ್ಪಿಹೋಗಿದೆ ಎಂದೇ ಅನಿಸುತ್ತದೆ, ಬಹುಶಃ ಅದು ಇದೇ ಇರಬೇಕು, ಎಲ್ಲಿ ಬಾಯಿ ಮುಚ್ಚಬೇಕು ಎನ್ನುವುದು. ಖಾನಾಪುರ ಸ್ಟ್ಯಾಂಡ್, ಆಟೋ, ಮಲಪ್ರಭೆಯ ಸೇತುವೆ, ಕೆಳಗೆ ನೀರು ತೆಳುವಾಗಿ ಕಲ್ಲುಗಳನ್ನು ಸುತ್ತಿಕೊಂಡು ಹೋಗುತ್ತಿತ್ತು, ಆಟೋದವನು ಮರಾಠಿಯಲ್ಲಿ ಕೇಳಿದ, ಯಾರ ಮನೆಗೆ, ಅವಳು ಹೆಸರು ಹೇಳಿದಳು, ಹೇಳಿ ಅವನ ಮುಖ ನೋಡಿದಳು, ಏನಾದರೂ ಆಗಿದ್ದರೆ ಇವನಿಗೆ ಗೊತ್ತಿರುತ್ತದೆ, ಅವನು ಬೀಡಿ ಕಚ್ಚಿಕೊಂಡು ಗೇರು ಬದಲಿಸಿದನಷ್ಟೆ.

ಅಂಗಳದಲ್ಲಿ ಸಿದ್ದಕ್ಕ, ಕಾಕಾನ ಹೆಂಡತಿ, ಆಪರೇಷನ್ ಆದ ಮೇಲೆ ದವಾಖಾನೆಯಲ್ಲಿ ಗಂಡನ ಮಗ್ಗುಲು ಬಿಡದೆ ಕೂತಿದ್ದವಳು, ಈಗ ಉಣ್ಣೆ ಬಿಡಿಸುತ್ತ ಆರಾಮಾಗಿ ಕೂತಿದ್ದಳು, ಬಾ ತಂಗಿ, ಕುಂದರ, ಬಿಸಲಾಗ ಬಂದಿ. ಕಾಕಾ ಎಲ್ಲಿ ಅದಾನ ಅವ್ವಾ. ಎಲ್ಲಿರತಾನ, ಕುರಿ ಹಿಂದ. ಪ್ರಮಿಳಾ ಈಗ ಕೂತಳು, ಜ್ವರ ಬಂದವನು ಕುರಿಯ ಹಿಂದೆ ಹೋಗುವುದಿಲ್ಲ, ಹೋಗುತ್ತಾನೆಯೇ, ಕುರಿಗಾರರಾದರೆ ಹೋದರೂ ಹೋದಾರು — ಫೋನ್ ಯಾಕ ಬಂದ್ ಐತಿ ಅವ್ವಾ. ಅದು ಗೋವಾಕ ಹೋಗೇತಿ, ಕಲ್ಮೇಶನ ಟೆಂಪೋದಾಗ, ಚಾರ್ಜ್ ಮುಗದಿರಬೇಕು, ನಮ್ಮ ಮನ್ಯಾಗ ಫೋನ್ ಅದೊಂದ ಇರೂದು. ಅಷ್ಟರಲ್ಲಿ ನಾಯಿ ಬೊಗಳಿತು, ದಿಬ್ಬದ ಮೇಲಿಂದ ಕಾಕಾ ಇಳಿದು ಬಂದ, ತೋಳಿನಲ್ಲಿ ಒಂದು ಕುರಿಮರಿ. ಭಾರ ಎತ್ತಬ್ಯಾಡ ಅಂದಿದ್ದೆ ಕಾಕಾ. ಇದು ಭಾರ ಏನು, ಇವತ್ತ ಹುಟ್ಟಿದ್ದು, ನಿನ್ನ ಬ್ಯಾಗಿಗಿಂತ ಹಗೂರ ಐತಿ, ಅಂದು ನಗುತ್ತ ಮರಿಯನ್ನು ಕೆಳಗಿಟ್ಟ, ನೆಟ್ಟಗೆ ನಿಂತ, ಅವಳು ಥರ್ಮಾಮೀಟರ್ ಹುಡುಕುವ ನೆವದಲ್ಲಿ ಬ್ಯಾಗಿನೊಳಗೆ ಮುಖ ಹಾಕಿದಳು. ಜ್ವರ ಇರಲಿಲ್ಲ. ಒಳಗೆ ಚಾಪೆಯ ಮೇಲೆ ಮಲಗಿ ಧೋತರದ ಅಂಚನ್ನು ಒಂದಿಷ್ಟು ಕೆಳಗೆ ಸರಿಸಿದ, ಹಳದಿ, ಅದೇ ಹಳದಿ, ಬಗ್ಗಿದಳು, ಬಗ್ಗಿದಾಗ ಮೂಗಿಗೆ ಬಡಿದದ್ದು ಕೀವಿನ ವಾಸನೆಯಲ್ಲ, ಅದು ಯಾವ ವಾಸನೆ, ಗೊತ್ತಿರುವ ವಾಸನೆ, ಹುಟ್ಟಿದಾಗಿನಿಂದ ಗೊತ್ತಿರುವುದು, ಅವಳ ಅಜ್ಜಿಯ ಹಣೆಯದು, ಗುಡಿಯ ಕಲ್ಲಿನದು — ಭಂಡಾರ. ದೇವರ ಅರಿಷಿಣ ಪುಡಿ. ಭಂಡಾರ ಹಚ್ಚೀರೇನ. ಹಚ್ಚೀನಿ, ಅಂದಳು ಸಿದ್ದಕ್ಕ, ಮಾಯಕ್ಕ ದೇವಿ ಭಂಡಾರ, ಹಚ್ಚದ ಬಿಡತಾರೇನ. ಗಾಯಕ್ಕ ಏನೂ ಹಚ್ಚಬ್ಯಾಡ ಅಂತ ಹೇಳಿದ್ದೆನಲ್ಲ ಅವ್ವಾ. ಗಾಯಕ್ಕ ಎಲ್ಲಿ ಹಚ್ಚೀನಿ, ಗಾಯದ ಬಾಜು ಹಚ್ಚೀನಿ, ನೀ ಹೇಳಿದಂಗ ಗಾಯ ಹಂಗ ಬಿಟ್ಟೀನಿ, ಸರಿಯಾಗಿ ನೋಡ. ನೋಡಿದಳು, ಖರೇ, ಗಾಯದ ಸುತ್ತ ಬೇಲಿ ಕಟ್ಟಿದ ಹಾಗೆ ಹಚ್ಚಿದ್ದಳು, ನಡುವಿನ ಗೆರೆಗೆ ಒಂದು ಕಣವೂ ತಾಗದಂತೆ, ಅಷ್ಟು ಜೋಪಾನವಾಗಿ. ಆದರೂ ಅವಳು ನೋಡಿದ್ದು ಸಾಲದು, ಡಾಕ್ಟರು ನೋಡಬೇಕು, ನೆಟ್‌ವರ್ಕ್ ದಿಬ್ಬದ ಮೇಲೇ ಬರುವುದು, ಅಲ್ಲಿಗೇ ಹೋದರು ಮೂವರೂ, ಕುರಿಗಳೂ, ಚೊಂಬಿನಲ್ಲಿ ಕಾಯಿಸಿ ಆರಿಸಿದ ನೀರು, ಹತ್ತಿ, ಸಿದ್ದಕ್ಕ ಮರೆಗೆ ಕಂಬಳಿ ಹಿಡಿದು ನಿಂತಳು, ಕುರಿ ನೋಡತಾವಂತ ಮರೆ ಹಿಡೀತಿಯೇನ, ಅಂದ ಕಾಕಾ, ಮೊಬೈಲಿನಲ್ಲಿ ಧರಣೇಂದ್ರ ಸರ್ ಮುಖ ತುಂಡಾಗಿ ಕೂಡಿಕೊಂಡಿತು, ಸುತ್ತಲಿಂದು ಒರಸರಿ ಪ್ರಮಿಳಾ, ಹೊರಗಡೆಗೆ, ಹಾಂ. ಒರೆಸಿದಳು, ಹಳದಿ ನೀರಾಗಿ ಇಳಿಯಿತು, ಹತ್ತಿ ಹಳದಿಯಾಯಿತು, ಹೆಬ್ಬೆಟ್ಟು ಹಳದಿಯಾಯಿತು, ಕೆಳಗೆ ಬರೀ ಚರ್ಮ, ಕೆಂಪಿಲ್ಲ, ಊತವಿಲ್ಲ, ಒಣಗಿ ಕೂಡಿಕೊಂಡ ಒಂದು ಸಣ್ಣ ಗೆರೆ. ಒತ್ತಿ ಕೇಳ್ರಿ, ನೋವೈತೇನು. ನೋವಿಲ್ಲ ಸಾಹೇಬ್ರ, ಕಚಗುಳಿ ಆಗತೈತಿ. ಸರ್ ನಕ್ಕದ್ದು ತಡವಾಗಿ ಕೇಳಿಸಿತು, ಚಲೋ ಐತಿ, ಭಾಳ ಚಲೋ ಐತಿ, ಆದ್ರ ಭಂಡಾರ ಹಚ್ಚಿದ್ದನ್ನ ಬರೀರಿ, ಇದ್ದದ್ದು ಇದ್ದಂಗ ಬರೀರಿ, ಇನ್ನ ಮುಂದ ಎಲ್ಲಾರಿಗೂ ಗಾಯದ ಬಾಜೂನೂ ಹಚ್ಚಬ್ಯಾಡ್ರಿ ಅಂತ ಹೇಳೂಣು.

ಚಲೋ ಐತಿ, ಚಲೋ ಐತಿ, ಇಳಿಯುವಾಗ ಕಾಲಿಗೆ ಕಲ್ಲು ತಾಗಿದರೂ ಚಲೋ ಐತಿ, ಆದರೆ ಒಂದು ಉಳಿದಿತ್ತು, ಅದನ್ನು ಹಾಗೇ ಬಿಟ್ಟು ಬಸ್ಸು ಹತ್ತಿದರೆ ಅದು ಅನಗೋಳದ ತನಕ ಪಕ್ಕದ ಸೀಟಿನಲ್ಲೇ ಕೂತು ಬರುತ್ತದೆ, ಚಹಾದ ಕಪ್ಪು ಕೆಳಗಿಟ್ಟಳು. ಕಾಕಾ, ಅವತ್ತ ನಾ ಏನೂ ಆಗಂಗಿಲ್ಲ ಅಂದೆ, ಹಂಗ ಅನಬಾರದಿತ್ತು, ಆಗೂ ಸಂಭವ ಇತ್ತು, ನನ್ನ ಮಾತಿಗೆ ನೀ ಒಪ್ಪಿದ್ದರ — ನಿನ್ನ ಮಾತಿಗ್ಯಾರ ಒಪ್ಪತಾರ ತಂಗಿ, ಅಂದ ಭರಮಪ್ಪ, ಬಸಿಯಲ್ಲಿ ಚಹಾ ಆರಿಸುತ್ತ, ನನ್ನ ಹೆಬ್ಬಟ್ಟ ಹಿಡದಾಗ ನಿನ್ನ ಕೈ ಗಡಗಡ ನಡಗತಿತ್ತು, ನಡಗೂ ಕೈಯ್ಯಾಕಿ ಏನೂ ಆಗಂಗಿಲ್ಲ ಅಂದ್ರ ಏನರ ಆಗೂದ ಐತಿ ಅಂತ ತಿಳಕೊಂಡೆ. ಮತ್ತ ಯಾಕ ಒಪ್ಪಿದಿ. ಗುಳಿಗಿ ತಪ್ಪಿದ್ರ ತಪ್ಪಲಿ ಅಂತ, ಅಂದಳು ಸಿದ್ದಕ್ಕ, ಈತಗ ಗುಳಿಗಿ ಗಂಟಲದಾಗ ಇಳಿಯಂಗಿಲ್ಲ, ಸಣ್ಣ ಹುಡುಗರಗತೆ ಉಗಳತಾನ. ಕಾಕಾ ತಲೆ ತಗ್ಗಿಸಿದ, ನೀ ಅರ್ಧ ಮಂದಿಗೆ ಗುಳಿಗಿ ಇಲ್ಲ ಅಂದಿದ್ದಿಯಲ್ಲ, ಅಷ್ಟ ಕೇಳಿದೆ, ಮುಂದಿಂದು ದೇವರಿಗೆ ಬಿಟ್ಟೆ, ಮತ್ತ ಏನರ ಆದ್ರ ನೀ ಬರತಿ ಅಂತ ಗೊತ್ತಿತ್ತು, ಬಂದೀಯಲ್ಲ. ಬಂದೀಯಲ್ಲ, ಬಸ್ಸಿನಲ್ಲಿ ಕೂತರೂ ಅದೇ, ಬಂದೀಯಲ್ಲ, ಯಲ್ಲೇಶನಿಗೆ ಹೇಳಬೇಕು, ಅವನು ನಗುತ್ತಾನೆ, ನಗಲಿ, ಇವತ್ತು ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತೇನೆ, ನಾಳೆ ಧರಣೇಂದ್ರ ಸರ್‌ಗೆ ಆ ಮಾತನ್ನೂ ಹೇಳುತ್ತೇನೆ, ಇದ್ದದ್ದು ಇದ್ದಂಗ, ಹೇಳಿದ ಮೇಲೆ ಸುಮ್ಮನಾಗುತ್ತೇನೆ, ಸುಮ್ಮನಾಗುವುದನ್ನು ಈಗಿಂದಲೇ ಕಲಿಯುತ್ತೇನೆ, ಖಾನಾಪುರ ಹಿಂದೆ ಸರಿಯಿತು, ಭಟ್ಟಿಯ ಹೊಗೆ, ಇಳಿಬಿಸಿಲು, ಫೋಟೋ ಇನ್ನೊಮ್ಮೆ ನೋಡೋಣ, ಈಗ ನೋಡಬಹುದು, ಹೆದರಿಕೆಯಿಲ್ಲ, ತೆಗೆದಳು, ಹೆಬ್ಬೆಟ್ಟಿನಿಂದ ಸರಿಸಿ ದೊಡ್ಡದು ಮಾಡಿದಳು, ಗಾಜಿನ ಮೇಲೆ ಒಂದು ಕಲೆ, ಸೆರಗಿನಿಂದ ಒರೆಸಿದಳು, ಮತ್ತೆ ಮುಟ್ಟಿದಳು, ಮತ್ತೆ ಕಲೆ, ಬೆರಳು ತಿರುಗಿಸಿದಳು, ಉಗುರಿನ ಸಂದಿಯಲ್ಲಿ, ಗೆರೆಗೆರೆಯ ಸುಳಿಯಲ್ಲಿ, ತೊಳೆದರೂ ಹೋಗದೆ, ಹಳದಿ.