ಮಗ್ಗದ ಕುಣಿಯ ಲ್ಯಾಪ್‌ಟಾಪು

"ಇನ್ನೂ ಚಕ್ರ ತಿರಗಾಕತ್ತೈತೇನು, ಮೈನುದ್ದೀನಣ್ಣಾ?" ವಿಜಯಲಕ್ಷ್ಮಿ ಮತ್ತೆ ಕೇಳಿದಳು.

"ತಿರಗಾಕತ್ತೈತವಾ ತಂಗಿ," ಎಂದ ಕಂಪ್ಯೂಟರ್ ರಿಪೇರಿಯ ಮೈನುದ್ದೀನ, ಲ್ಯಾಪ್‌ಟಾಪಿನ ತೆರೆಯ ಮೇಲೆ ಸುತ್ತುತ್ತಲೇ ಇದ್ದ ಚಕ್ರದಿಂದ ಕಣ್ಣು ತೆಗೆಯದೆ.

ಗಜೇಂದ್ರಗಡದ ನೇಕಾರರ ಓಣಿಯ ಆ ಮನೆಯಲ್ಲಿ ಅವಳ ಅಪ್ಪ ಹುಚ್ಚಪ್ಪನ ಹೆಣವನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು. ತಾಯಿ ತಿಪ್ಪವ್ವ ಮಾತ್ರ ಹಟ ಹಿಡಿದಿದ್ದಳು, ಗಂಡನ ದನಿ ಒಮ್ಮೆ ಕೇಳದೆ ಎತ್ತಗೊಡುವುದಿಲ್ಲವೆಂದು. ಗಂಟಲಿನ ಆಪರೇಷನ್ ಆದಮೇಲೆ ಮೂರು ವರ್ಷ ಹುಚ್ಚಪ್ಪನಿಗೆ ಮಾತೇ ಇರಲಿಲ್ಲ. ಅದಕ್ಕೂ ಮುಂಚಿನ ಒಂದೇ ಒಂದು ವಿಡಿಯೊ ಈ ಮುದಿ ಲ್ಯಾಪ್‌ಟಾಪಿನಲ್ಲಿತ್ತು.

"ನಾ ಎಸ್‌ಎಸ್‌ಡಿ ಅನ್ನೋ ಹೊಸಾ ಡಿಸ್ಕ ಹಾಕಿಕೊಟ್ಟಾಗ ಕುದುರಿ ಹಾಂಗ ಓಡತಿತ್ತು," ಎಂದ ಮೈನುದ್ದೀನ. "ಜಾಗಾ ತುಂಬೇತಿ ಅಂತ ಬ್ಯಾಡಾದ್ದೆಲ್ಲಾ ತಗದೆ. ಆದ್ರೂ ವಿಡಿಯೊ ತೆರೀವಲ್ದು." ಅದರ ತಳಕ್ಕೆ ಅಂಗೈ ಹಚ್ಚಿದವನು ಥಟ್ಟನೆ ಕೈ ತೆಗೆದ. "ಕಾದ ಹಂಚ ಆಗೇತಿ! ಎಲ್ಲಿ ಇಡತಿದ್ರಿ ಇದನ್ನ?"

ತಿಪ್ಪವ್ವ ಮಗ್ಗದ ಕುಣಿಯತ್ತ, ನೇಯುವಾಗ ಗಂಡ ಕಾಲು ಇಳಿಬಿಟ್ಟು ಕೂಡುತ್ತಿದ್ದ ತಗ್ಗಿನತ್ತ, ನೋಡಿದಳು.

*

ಹೋದ ಬೇಸಿಗೆಯ ಮಧ್ಯಾಹ್ನ. ಹುಚ್ಚಪ್ಪ ಲ್ಯಾಪ್‌ಟಾಪಿನಲ್ಲಿ ಸೀರೆಯ ಅಂಚಿಗೆ ಹೊಸ ಚಿತ್ರ ಬಿಡಿಸುತ್ತಿದ್ದಾಗ ಅದು ಕಾದು ನಿಂತೇ ಹೋಯಿತು. ಅವನು ಹಣೆ ಹಣೆ ಬಡಿದುಕೊಂಡ.

ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದ ತಿಪ್ಪವ್ವ ಹೇಳಿದಳು: "ಕುಣ್ಯಾಗ ಇಡ್ರಿ. ನಿಮ್ಮ ಕಾಲಿಗೆ ತಂಪಿರತೈತಿ, ಅದಕ್ಯಾಕ ಇರಂಗಿಲ್ಲ?"

ಅವನು ದನಿಯಿಲ್ಲದೆ ನಕ್ಕ. ಅಂದಿನಿಂದ ಅದು ಇರುತ್ತಿದ್ದದ್ದು ಅಲ್ಲೇ, ಅವನ ಕಾಲ ಹತ್ತಿರ. ಮೇಲಿನಿಂದ ನೂಲಿನ ಧೂಳು ಉದುರುತ್ತಲೇ ಇತ್ತು.

*

ಮೈನುದ್ದೀನ ಹಿಂದಿನ ಮುಚ್ಚಳ ಬಿಚ್ಚಿದ. ಫ್ಯಾನಿನ ತುಂಬ ಕೆಂಪು ನೂಲಿನ ಜುಂಗು ಸಿಕ್ಕುಗಟ್ಟಿತ್ತು.

"ಗಾಳಿನ ಆಡಿಲ್ಲ ಒಳಗ. ಬಿಸಿಗೆ ಎಸ್‌ಎಸ್‌ಡಿ ಬೆಂದು ಹೋಗೇತಿ. ಕಾಪಿ ಮಾಡಾಕೂ ಬಿಡವಲ್ದು. ಈ ಜುಂಗ ತಗದ್ರ ವಿಡಿಯೊ ಒಂದ ಸಲ ಓಡಬಹುದು. ಮುಂದಿಂದು ನಾ ಹೇಳಂಗಿಲ್ಲ."

"ನಾನ ಇಡ್ರಿ ಅಂದಿದ್ದೆ," ಎಂದಳು ತಿಪ್ಪವ್ವ. "ಅವರ ದನಿ ನಾನ ಸುಟ್ಟೆ." ಅವಳು ನೆಲಕ್ಕೆ ತಲೆ ಚಚ್ಚಿಕೊಳ್ಳತೊಡಗಿದಳು. ಮಗಳು ಗಟ್ಟಿಯಾಗಿ ಹಿಡಿದುಕೊಂಡಳು.

"ಹೊತ್ತಾತು, ಎತ್ತೂಣ್ರೆವಾ," ಎಂದು ಮಣ್ಣಿನ ಪೂಜೆಗೆ ಬಂದಿದ್ದ ಐನಾರು ಬಾಗಿಲಿಂದಲೇ ಹೇಳಿದರು.

"ಒಂದ ನಿಮಿಷ್ರೀ ಅಜ್ಜಾರ, ಕೈ ಮುಗಿತೀನಿ," ಎಂದ ಮೈನುದ್ದೀನ, ಚಿಮಟದಿಂದ ಜುಂಗು ಎಳೆಯುತ್ತ. ಮುಚ್ಚಳ ಹಾಕಿ ಬಟನ್ ಒತ್ತಿದ.

ವಿಡಿಯೊ ತೆರೆಯಿತು. ಮಗ್ಗದ ಲಟಪಟ ಸದ್ದು, ಹುಚ್ಚಪ್ಪನ ಬೆನ್ನು. ಅವನು ತಿರುಗದೆಯೇ ಕೂಗಿದ:

"ತಿಪ್ಪವ್ವಾ, ಕಂಡಿಕಿ ಮುಗದಾವ. ಲಗೂ ತಾ!"

ವಿಜಯಲಕ್ಷ್ಮಿ ಮೊಬೈಲ್ ಎತ್ತಿ ಹಿಡಿಯುವಷ್ಟರಲ್ಲಿ ತೆರೆ ಕಪ್ಪಾಯಿತು. ಮೈನುದ್ದೀನ ಬಟನ್ ಒತ್ತಿದ, ಮತ್ತೆ ಮತ್ತೆ ಒತ್ತಿದ. ಅದು ಏಳಲಿಲ್ಲ.

"ಬಂದ್ನಿರೀ," ಎನ್ನುತ್ತ ತಿಪ್ಪವ್ವ ಎದ್ದಳು. ರಾಟೆಯ ಬಳಿ ಸುತ್ತಿಟ್ಟಿದ್ದ ಕೆಂಪು ಕಂಡಿಕೆಯೊಂದನ್ನು ತಂದು, ಹೆಣದ ಮುಂದೆ ಕೂತು, ಗಂಡನ ಸೆಟೆದ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.