ನಾಲ್ಕು ಬುಧವಾರ

“ಒಂದು ಸಹಿ ಬೇಕಿತ್ತು ಮೇಡಂ,” ಎಂದು ಹುಡುಗಿ ಹಾಳೆಯನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

ಗಣಿತದ ಮೇಡಂ ಓದಿದರು. ಕಾಲೇಜು ಬಿಡುವ ಅರ್ಜಿ. ಕಾರಣ ಕೇಳಿದ ಜಾಗದಲ್ಲಿ ‘ನನಗೆ ಓದು ಹತ್ತುವುದಿಲ್ಲ’ ಎಂದು ದುಂಡಗೆ ಬರೆದಿತ್ತು. ಮೊದಲ ಪರೀಕ್ಷೆಯಲ್ಲಿ ಐವತ್ತಕ್ಕೆ ಒಂಬತ್ತು ತೆಗೆದವಳು ಇವಳೇ. ಇನ್ನು ಮೂರು ವಾರಕ್ಕೆ ಎರಡನೆಯದು. ಅದರಲ್ಲೂ ಹೋದರೆ ಅರ್ಜಿಯ ಗೊಡವೆಯೇ ಇಲ್ಲ, ಕಾಲೇಜೇ ಕಳಿಸಿಕೊಡುತ್ತದೆ.

ಮೇಡಂಗೆ ಸಿಟ್ಟು ನೆತ್ತಿಗೇರಿತು. ಹದಿನೆಂಟು ವರ್ಷದಿಂದ ಪ್ರತಿ ಬುಧವಾರ ಎರಡರಿಂದ ನಾಲ್ಕರವರೆಗೆ ಹುಡುಗರಿಗೆಂದೇ ಕೂರುವವರು ಅವರು. ಆ ಬಗ್ಗೆ ಸ್ವಲ್ಪ ಜಂಬವೂ ಇತ್ತೆನ್ನಿ.

“ಅರ್ಥ ಆಗದಿದ್ರೆ ಬುಧವಾರ ಬಂದು ಕೇಳಿ ಅಂತ ಕ್ಲಾಸಲ್ಲಿ ಬಾಯಿ ನೋಯೋ ಹಾಗೆ ಹೇಳ್ತೀನಿ. ಒಂದಿನ ಆದ್ರೂ ಈ ಕಡೆ ತಲೆ ಹಾಕಿದ್ಯೇನಮ್ಮ?”

“ನಾಲ್ಕು ಬುಧವಾರಾನೂ ಬಂದಿದ್ದೆ ಮೇಡಂ. ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ನೀವು ಕರೀಲಿಲ್ಲ.”

“ನೀನೇ ಒಳಗೆ ಬರೋದಕ್ಕೆ ಏನಾಗಿತ್ತು?”

“ಕರೀದೆ ಹೇಗೆ ಬರೋದು?” ಹುಡುಗಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ನಮ್ಮಮ್ಮ ಆಸ್ಪತ್ರೇಲಿ ಆಯಾ. ಡಾಕ್ಟರ ಬಾಗಿಲಲ್ಲಿ ನಿಲ್ಲೋದೇ ಅವಳ ಕೆಲಸ, ಕರೆಯೋ ತನಕ ಯಾರನ್ನೂ ಬಿಡಲ್ಲ. ಕಾಲೇಜಲ್ಲೂ ಹಾಗೇ ಇರತ್ತೆ, ಅವಸರ ಮಾಡ್ಬೇಡ ಅಂದಿದ್ಲು.”

“ಬೇರೆಯವರೆಲ್ಲ ನುಗ್ತಾ ಇದ್ರಲ್ಲ?”

“ಅವರನ್ನ ಮೊದಲೇ ಕರೆದಿರ್ತೀರಿ ಅಂದ್ಕೊಂಡೆ.”

ನಾಲ್ಕು ಗಂಟೆಗೆ ಬೀಗ ಹಾಕಿ ಹೊರಡುವಾಗ ಬೆಂಚಿನ ಮೇಲೊಂದು ನೀಲಿ ಚೀಲ ಕಂಡದ್ದು ಮೇಡಂಗೆ ನೆನಪಾಯಿತು. ಯಾರೋ ಗೆಳತಿಗೆ ಕಾಯುತ್ತಿದ್ದಾಳೆ ಎಂದುಕೊಂಡು ಮುಂದೆ ಹೋಗಿದ್ದರು. ಅವರ ತಂದೆಯೂ ಮೇಷ್ಟರು. ಅಪ್ಪನ ಕುರ್ಚಿಯ ಕೆಳಗೆ ಸೀಮೆಸುಣ್ಣದ ಚೂರು ಆಯ್ದು ಬೆಳೆದವರಿಗೆ ಇಂಥ ಬಾಗಿಲ ಮುಂದೆ ನಿಂತು ಗೊತ್ತೇ ಇರಲಿಲ್ಲ. ಅವರಿಗೆ ನಾಚಿಕೆಯಾಯಿತು. ಅರ್ಜಿಯನ್ನು ಡ್ರಾಯರಿಗೆ ತುರುಕಿದರು.

“ಕೂತ್ಕೋ. ಎಲ್ಲಿಂದ ಅರ್ಥ ಆಗ್ಲಿಲ್ಲ?”

“ಎರಡನೇ ಪುಟದಿಂದ.”

“ಮೊದಲನೇ ಪುಟ?”

“ಅದೂ ಅಷ್ಟಕ್ಕಷ್ಟೇ ಮೇಡಂ.”

ಇಬ್ಬರಿಗೂ ನಗು ಬಂತು. ಮೊದಲನೇ ಪುಟದಿಂದಲೇ ಶುರು ಮಾಡಿದರು.

ಮರುದಿನ ಮೇಡಂ ಹಾಜರಿ ಪುಸ್ತಕ ಹಿಡಿದು ಅರವತ್ತು ಮಂದಿಯ ಹೆಸರನ್ನೂ ಕೂಗಿ ಒಬ್ಬೊಬ್ಬರಿಗೂ ದಿನ, ಗಂಟೆ ಹೇಳಿದರು. “ನಾನೇ ಕರೀತಿದ್ದೀನಿ, ಎಲ್ಲರೂ ಬರ್ಬೇಕು. ಆಮೇಲೆ ಕರೀದಿದ್ರೂ ಬರ್ಬೇಕು.” ಮುಖವನ್ನೇ ನೋಡಿರದ ಎಷ್ಟೋ ಹುಡುಗರು ಬಂದರು. ಒಬ್ಬನಿಗೆ ಪಠ್ಯಪುಸ್ತಕ ಗ್ರಂಥಾಲಯದಲ್ಲಿ ಸಿಗುತ್ತದೆಂದೇ ತಿಳಿದಿರಲಿಲ್ಲ. ಬೆಂಚಿನ ಮೇಲಿನ ಸಾಲು ನೋಡಿ ಪಕ್ಕದ ಕೋಣೆಯ ಭೌತಶಾಸ್ತ್ರದ ಮೇಷ್ಟರು, “ಏನ್ ಮೇಡಂ, ಕ್ಲಿನಿಕ್ ತೆಗೆದ್ರಾ?” ಎಂದು ಕಿಚಾಯಿಸಿದರು. “ಹೂಂ, ತೆಗೆಯೋದು ಸ್ವಲ್ಪ ತಡ ಆಯ್ತು,” ಎಂದರು ಮೇಡಂ.

ಹುಡುಗಿ ಮಾತ್ರ ದಿನಾ ಬಂದಳು. ಕೇಳಿದ್ದನ್ನೇ ಕೇಳಿದಳು. ಮೂರನೇ ವಾರ ಮೇಡಂ ಹಲಗೆಯ ಮೇಲೆ ಮಾಡಿದ ತಪ್ಪನ್ನು ಅವಳೇ ಎದ್ದು ತಿದ್ದಿದಳು.

ಎರಡನೇ ಪರೀಕ್ಷೆಯಲ್ಲಿ ನಲವತ್ತೊಂದು ಬಂತು. ಮೇಡಂ ಎರಡು ಸಲ ಕೂಡಿ ನೋಡಿದರು. ಹುಡುಗಿ ಉತ್ತರಪತ್ರಿಕೆ ತಿರುಗಿಸಿ ಹೆಸರು ನೋಡಿಕೊಂಡಳು, ಆಮೇಲೆ ಕಾರಿಡಾರಿನ ತುದಿಯವರೆಗೂ ಕೇಳುವಂತೆ ಕೂಗಿದಳು. ಮೇಡಂ ಡ್ರಾಯರಿನಿಂದ ಅರ್ಜಿ ತೆಗೆದು ಅವಳ ಕೈಗೇ ಕೊಟ್ಟರು. ಅವಳು ಅದನ್ನು ಎಂಟು ಚೂರು ಮಾಡಿದಳು.

ಮುಂದಿನ ಬುಧವಾರ ಅವಳು ಬಾಗಿಲು ತಟ್ಟದೆಯೇ ಒಳಗೆ ಬಂದು, ತಕ್ಷಣ ಹಿಂತಿರುಗಿ ನೋಡಿದಳು. ಹೊರಗೆ ಬೆಂಚಿನ ತುದಿಯಲ್ಲಿ ಆಸ್ಪತ್ರೆಯ ಸಮವಸ್ತ್ರದಲ್ಲೇ ಒಬ್ಬ ಹೆಂಗಸು ಕೂತಿದ್ದಳು, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು.

“ಕರೆದ್ರಾ?” ಎಂದು ಆಕೆ ಪಿಸುಗುಟ್ಟಿದಳು.

“ಇಲ್ಲಮ್ಮ. ಬಾ,” ಎಂದು ಹುಡುಗಿ ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದಳು.